ಮುಟ್ಟದೆ ನೋಡಿದ ಆಪರೇಷನ್‌ಗಳು

(ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಹೌಸ್ ಸರ್ಜನ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊರದೇಶದ ಆಸ್ಪತ್ರೆಗೆ ಹೋಗಿ ಸರ್ಜರಿ ನೋಡಬೇಕು ಅನ್ನುವ ಆಸೆ ನಿಮ್ಮಲ್ಲಿ ಹಲವರಿಗಿದೆ. ಊಟದ ಹೊತ್ತಿಗೇ ನಾಲ್ಕಾರು ಜನ ಬಂದು ಕೇಳಿದಿರಿ: "ಮೇಡಂ, ಅಲ್ಲಿ ಏನೇನು ಮಾಡೋಕೆ ಬಿಡ್ತಾರೆ?" ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಬ್ಸರ್ವರ್, ಅಂದರೆ ಬರೀ ನೋಡಲು ಹೋದವರಿಗೆ ಏನನ್ನೂ ಮಾಡಲು ಬಿಡುವುದಿಲ್ಲ. ಎಂಬಿಬಿಎಸ್ ಕೊನೆಯ ವರ್ಷದಲ್ಲಿ ನಾನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಆಸ್ಪತ್ರೆಗೆ ಅಬ್ಸರ್ವರ್ ಆಗಿ ಹೋಗಿದ್ದೆ. ಕೈಗೆ ಕೊಟ್ಟ ಕಾಗದದಲ್ಲೇ ಎಲ್ಲ ಬರೆದಿತ್ತು. ರೋಗಿಯನ್ನು ಪರೀಕ್ಷೆ ಮಾಡುವಂತಿಲ್ಲ. ಸ್ಕ್ರಬ್ ಆಗುವಂತಿಲ್ಲ, ಅಂದರೆ ಕೈ ತೊಳೆದು ಗೌನು, ಗ್ಲೌಸು ತೊಟ್ಟು ಆಪರೇಷನ್‌ಗೆ ಕೈ ಹಾಕುವಂತಿಲ್ಲ. ಕೇಸ್ ಶೀಟಿನಲ್ಲಿ ಒಂದಕ್ಷರ ಬರೆಯುವಂತಿಲ್ಲ. ನಿಂತು ನೋಡಬಹುದು, ಕೇಳಬಹುದು, ಅಷ್ಟೇ.

"ಅಷ್ಟಕ್ಕೇನಾ ಅಷ್ಟು ದೂರ ಹೋಗೋದು?" ಅಂತ ನಿಮಗೆ ಅನ್ನಿಸಬಹುದು. ಯಾಕೆಂದರೆ ನಮ್ಮಲ್ಲಿ ಕೈಗೆ ಕೆಲಸ ಬೇಗ ಸಿಗುತ್ತದೆ. ಹೌಸ್ ಸರ್ಜನ್ ಮುಗಿಸುವಷ್ಟರಲ್ಲಿ ಕೀವುಗಡ್ಡೆ ಕೊಯ್ದಿರುತ್ತೀರಿ, ಕ್ಯಾಶುಯಾಲ್ಟಿಯಲ್ಲಿ ಒಡೆದ ತಲೆಗೆ ಹೊಲಿಗೆ ಹಾಕಿರುತ್ತೀರಿ, ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರನ್ನು ಗಂಟೆಗಟ್ಟಲೆ ಹಿಡಿದಿರುತ್ತೀರಿ. ಇದೆಲ್ಲ ಬೇಕೇ ಬೇಕು. ಆದರೆ ರಿಟ್ರ್ಯಾಕ್ಟರ್ ಹಿಡಿದು ನಿಂತವರಿಗೆ ಆಪರೇಷನ್ ಕಾಣುವುದಿಲ್ಲ, ಅಲ್ವಾ? ಸೀನಿಯರ್‌ಗಳ ಬೆನ್ನು, ಮೊಣಕೈ ಕಾಣುತ್ತದೆ. ಗಮನವೆಲ್ಲ ಕೈ ಜಾರದಂತೆ ಹಿಡಿಯುವುದರಲ್ಲೇ ಇರುತ್ತದೆ. ಕೈ ಖಾಲಿ ಇದ್ದಾಗ ಕಣ್ಣಿಗೆ ಎಷ್ಟು ಕೆಲಸ ಸಿಗುತ್ತದೆ ಅನ್ನುವುದು ನನಗೆ ಗ್ಲಾಸ್ಗೋದಲ್ಲಿ ಗೊತ್ತಾಯಿತು. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ.

ಗ್ಲಾಸ್ಗೋ ನಿಮಗೆ ಗೊತ್ತಿಲ್ಲದ ಊರಲ್ಲ. ರಾತ್ರಿ ಡ್ಯೂಟಿಯಲ್ಲಿ ಬೈಕಿನಿಂದ ಬಿದ್ದವರನ್ನು ಆಂಬ್ಯುಲೆನ್ಸ್‌ನಲ್ಲಿ ತರುತ್ತಾರೆ. ಸೀನಿಯರ್ ಫೋನಿನಲ್ಲಿ ಕೇಳುವ ಮೊದಲ ಮಾತೇನು? "ಜಿಸಿಎಸ್ ಎಷ್ಟು?" ಗ್ಲಾಸ್ಗೋ ಕೋಮಾ ಸ್ಕೇಲ್, ರೋಗಿಗೆ ಎಷ್ಟು ಪ್ರಜ್ಞೆ ಇದೆ ಅಂತ ಅಳೆಯುವ ಪದ್ಧತಿ. ಆ ಜಿ ಅಂದರೆ ಗ್ಲಾಸ್ಗೋ. 1974ರಲ್ಲಿ ಅಲ್ಲಿನ ನರಶಸ್ತ್ರಚಿಕಿತ್ಸಕರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಇದನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ಒಬ್ಬ ಡಾಕ್ಟರ್ "ಅರೆಪ್ರಜ್ಞೆ" ಅಂತ ಬರೆದರೆ ಇನ್ನೊಬ್ಬರು ಅದೇ ರೋಗಿಗೆ "ಮಂಪರು" ಅಂತ ಬರೆಯುತ್ತಿದ್ದರು. ರಾತ್ರಿಯಿಂದ ಬೆಳಗ್ಗೆಗೆ ರೋಗಿ ಸುಧಾರಿಸಿದ್ದಾನೋ ಕೆಟ್ಟಿದ್ದಾನೋ ಹೇಳಲು ಆಗುತ್ತಿರಲಿಲ್ಲ. ಇವರಿಬ್ಬರೂ ಹೊಸ ಮೆಷಿನ್ ಕಂಡುಹಿಡಿಯಲಿಲ್ಲ. ಕಣ್ಣು ಬಿಡುತ್ತಾನಾ, ಮಾತಾಡುತ್ತಾನಾ, ಕೈಕಾಲು ಆಡಿಸುತ್ತಾನಾ, ಈ ಮೂರನ್ನು ಹೇಗೆ ನೋಡಬೇಕು ಅಂತ ತೋರಿಸಿಕೊಟ್ಟರು. ಪರಿಣತ ವೈದ್ಯರು ನೋಡಿದರೂ ಆ ದಿನ ಡ್ಯೂಟಿಗೆ ಬಂದ ನರ್ಸ್ ನೋಡಿದರೂ ಒಂದೇ ಉತ್ತರ ಬರಬೇಕು ಅನ್ನುವುದು ಅವರ ಗುರಿ. ಇವತ್ತು ನಾವು 3ರಿಂದ 15ರವರೆಗೆ ಬರೆಯುವ ಆ ಅಂಕಿ ಪೂರ್ತಿ ನಿಂತಿರುವುದು ಗಮನಿಸಿ ನೋಡುವುದರ ಮೇಲೆ.

ಅದೇ ಊರಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ 1865ರ ಆಗಸ್ಟ್ 12ರಂದು ಸರ್ಜನ್ ಜೋಸೆಫ್ ಲಿಸ್ಟರ್ ಮುಂದೆ ಹನ್ನೊಂದು ವರ್ಷದ ಒಬ್ಬ ಹುಡುಗನನ್ನು ತಂದರು. ಹೆಸರು ಜೇಮ್ಸ್ ಗ್ರೀನ್‌ಲೀಸ್. ಗಾಡಿಯ ಚಕ್ರ ಕಾಲ ಮೇಲೆ ಹರಿದಿತ್ತು. ಮೂಳೆ ಮುರಿದು, ಚರ್ಮ ಹರಿದು ಗಾಯ ತೆರೆದುಕೊಂಡಿತ್ತು. ಆ ಕಾಲದಲ್ಲಿ ಇಂಥ ಗಾಯಕ್ಕೆ ಇದ್ದ ದಾರಿ ಕಾಲು ಕತ್ತರಿಸುವುದು. ಕತ್ತರಿಸಿದರೂ ಬದುಕುವ ಭರವಸೆ ಇರಲಿಲ್ಲ. ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಸುತ್ತಿ ಕಾದರು. ನಾಲ್ಕು ದಿನ ಬಿಟ್ಟು ಬಿಚ್ಚಿ ನೋಡಿದರೆ ಕೀವಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿಕೊಂಡಿತು.

ಲಿಸ್ಟರ್‌ಗೆ ಇದು ಹೊಳೆದದ್ದು ಹೇಗೆ? ಕೊಳೆಯುವುದಕ್ಕೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಾರಣ ಎಂದು ತೋರಿಸಿದ ವಿಜ್ಞಾನಿ ಪ್ಯಾಶ್ಚರ್‌ನ ಕೆಲಸವನ್ನು ಅವರು ಓದಿದ್ದರು. ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿ ಕೊಳಚೆ ನೀರಿಗೆ ಕಾರ್ಬಾಲಿಕ್ ಆಮ್ಲ ಹಾಕಿದ ಮೇಲೆ ಆ ನೀರು ಹರಿಯುವ ಹೊಲಗಳಲ್ಲಿ ಮೇಯುವ ದನಗಳಿಗೆ ಕಾಯಿಲೆ ಕಡಿಮೆಯಾಯಿತು ಎಂದು ಕೇಳಿದ್ದರು. ಜೊತೆಗೆ ತಮ್ಮ ವಾರ್ಡನ್ನು ಲೆಕ್ಕ ಇಟ್ಟು ನೋಡುತ್ತಿದ್ದರು. ಹಳೆಯ ಪದ್ಧತಿಯಲ್ಲಿ ಕೈಕಾಲು ಕತ್ತರಿಸಿದ 35 ಜನರಲ್ಲಿ 16 ಜನ ಸತ್ತಿದ್ದರು. ಹೊಸ ಪದ್ಧತಿ ಬಂದ ಮೇಲೆ 40ರಲ್ಲಿ 6. ಆ ಆಸ್ಪತ್ರೆ ಇವತ್ತಿಗೂ ಅದೇ ಜಾಗದಲ್ಲಿದೆ. ಪಕ್ಕದಲ್ಲೇ ಹಳೆಯ ಕೆಥೆಡ್ರಲ್, ಅದರ ಹಿಂದೆ ಗುಡ್ಡದ ತುಂಬ ಗೋರಿಗಳು. ತನ್ನ ವಾರ್ಡಿನ ಗೋಡೆಗೆ ಹತ್ತಿಕೊಂಡಂತೆ 1849ರ ಕಾಲರಾದಲ್ಲಿ ಸತ್ತವರನ್ನು ಹೂತಿದ್ದರು ಎಂದು ಲಿಸ್ಟರ್ ಬರೆದಿದ್ದಾರೆ. ಅಂಥ ಕಟ್ಟಡದಲ್ಲಿ ಅವರು ಸಾವಿನ ಲೆಕ್ಕ ಇಳಿಸಿದರು. ಆ ರಸ್ತೆಯಲ್ಲಿ ನಡೆಯುವಾಗ ನನಗೆ ಮೈ ಜುಮ್ಮೆನ್ನುತ್ತಿತ್ತು.

ಇನ್ನು ಆಪರೇಷನ್ ಥಿಯೇಟರ್ ಒಳಗೆ ಬರೋಣ. ಮಳೆ, ಚಳಿ, ಊಟದ ವಿಷಯ ಬಿಡಿ, ಎಲ್ಲರೂ ಹೇಗೋ ಹೊಂದಿಕೊಳ್ಳುತ್ತೀರಿ.

ಮೊದಲ ರೋಗಿ ಒಳಗೆ ಬರುವ ಮುಂಚೆ ಎಲ್ಲರೂ ಒಂದು ಕಡೆ ಸೇರುತ್ತಾರೆ. ಸರ್ಜನ್, ಅನಸ್ತೇಷಿಯಾ ಡಾಕ್ಟರ್, ಸ್ಕ್ರಬ್ ನರ್ಸ್, ಸಹಾಯಕರು, ಎಲ್ಲರೂ. ಒಬ್ಬೊಬ್ಬರೂ ಹೆಸರು ಹೇಳಿ, ತಮ್ಮ ಕೆಲಸ ಏನು ಅಂತ ಹೇಳುತ್ತಾರೆ. ನನ್ನ ಸರದಿಯೂ ಬಂತು. ಹೆಸರು ಹೇಳಿ, "ಇಂಡಿಯಾದಿಂದ ಬಂದಿರುವ ವಿದ್ಯಾರ್ಥಿನಿ, ನೋಡಲು ಬಂದಿದ್ದೇನೆ" ಅಂದೆ. ಆಮೇಲೆ ದಿನದ ಲಿಸ್ಟ್ ತೆಗೆದುಕೊಂಡು ಒಬ್ಬೊಬ್ಬ ರೋಗಿಯ ಬಗ್ಗೆ ಮಾತು: ಯಾವ ಭಂಗಿಯಲ್ಲಿ ಮಲಗಿಸಬೇಕು, ರಕ್ತ ಬೇಕಾದೀತಾ, ಯಾವ ಆ್ಯಂಟಿಬಯೋಟಿಕ್, ಯಾವ ಉಪಕರಣ ಹೊರಗಿಂದ ತರಿಸಬೇಕು. ಆ ಮಾತುಕತೆಯಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನರ್ಸ್ ಒಬ್ಬಳು ಸರ್ಜನ್‌ಗೆ, "ನೀವು ಕೇಳಿದ ಸೈಜಿನ ಸ್ಟೇಪ್ಲರ್ ಒಂದೇ ಇದೆ, ಎರಡನೇ ಕೇಸಿಗೆ ಏನು ಮಾಡೋಣ?" ಅಂತ ಕೇಳಿದಳು. ಅವರು ಯೋಚಿಸಿ ಲಿಸ್ಟಿನ ಕ್ರಮ ಬದಲಾಯಿಸಿದರು. ಅಷ್ಟೇ. ಹೊಟ್ಟೆ ತೆರೆದ ಮೇಲೆ ಆ ಮಾತು ಬಂದಿದ್ದರೆ ಏನಾಗುತ್ತಿತ್ತು ಯೋಚಿಸಿ.

ಇದರ ಹಿಂದೆ ದೊಡ್ಡ ಕಥೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಸರ್ಜರಿಯ ಸುರಕ್ಷತಾ ಚೆಕ್‌ಲಿಸ್ಟ್ ತಂದಿತು. 19 ಅಂಶಗಳು. ಮೂರು ಕಡೆ ನಿಲ್ಲಬೇಕು: ಅನಸ್ತೇಷಿಯಾ ಕೊಡುವ ಮುಂಚೆ, ಚಾಕು ಇಡುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದರು. ಲಂಡನ್, ಸಿಯಾಟಲ್, ಟೊರಾಂಟೋ ಇದ್ದವು. ಜೊತೆಗೆ ತಾಂಜಾನಿಯಾದ ಇಫಕಾರಾ, ನಮ್ಮ ದೆಹಲಿ ಕೂಡ ಇದ್ದವು. 2009ರ ಜನವರಿಯಲ್ಲಿ ಫಲಿತಾಂಶ ಬಂತು. ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ತೊಡಕುಗಳು ಶೇ 11ರಿಂದ 7ಕ್ಕೆ. ಸ್ಕಾಟ್ಲೆಂಡ್ ಇದನ್ನು ಇಡೀ ದೇಶದಲ್ಲಿ ಜಾರಿಗೆ ತಂದಿತು. 2000ದಿಂದ 2014ರವರೆಗಿನ ಅಲ್ಲಿನ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಚೆಕ್‌ಲಿಸ್ಟ್ ಬಂದ ಮೇಲೆ ಸರ್ಜರಿ ರೋಗಿಗಳ ಸಾವು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿತ್ತು. ಇಳಿಕೆಯೆಲ್ಲ ಚೆಕ್‌ಲಿಸ್ಟ್ ಒಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಸರ್ಜರಿ ಆಗದ ರೋಗಿಗಳಲ್ಲಿ ಅಂಥ ಇಳಿಕೆ ಆಗ ಕಾಣಲಿಲ್ಲ ಅನ್ನುವುದನ್ನು ಗಮನಿಸಿ.

ಆ ಚೆಕ್‌ಲಿಸ್ಟ್ ಹಾಳೆ ನಮ್ಮ ಥಿಯೇಟರ್‌ಗಳಲ್ಲೂ ಇದೆ. ಗೋಡೆಗೆ ಅಂಟಿಸಿರುತ್ತಾರೆ, ಫೈಲಿನಲ್ಲಿ ಇಟ್ಟಿರುತ್ತಾರೆ. ಎಷ್ಟೋ ಕಡೆ ಕೇಸ್ ಮುಗಿದ ಮೇಲೆ ಒಟ್ಟಿಗೆ ಟಿಕ್ ಹಾಕುವುದನ್ನು ನೀವೇ ಕಂಡಿದ್ದೀರಿ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ನಮ್ಮಲ್ಲಿ ದಿನಕ್ಕೆ ಬರುವ ಕೇಸ್ ಜಾಸ್ತಿ, ಜನ ಕಡಿಮೆ, ನಿಜ. ಆದರೆ ಆ ಹಾಳೆಗೆ ಬೇಕಾದದ್ದು ಒಂದೆರಡು ನಿಮಿಷ. ದೆಹಲಿಯ ಆಸ್ಪತ್ರೆಯಲ್ಲೂ ರೋಗಿಗಳ ಸಾಲು ಚಿಕ್ಕದಿರಲಿಲ್ಲ.

ಮಾಪ್, ಅಂದರೆ ಆಪರೇಷನ್‌ನಲ್ಲಿ ರಕ್ತ ಒರೆಸುವ ಬಟ್ಟೆಯ ತುಂಡುಗಳ ಲೆಕ್ಕದ ವಿಷಯ ಹೇಳುತ್ತೇನೆ. ಅಲ್ಲಿ ಬಟ್ಟೆಯ ತುಂಡುಗಳು ಐದೈದರ ಕಟ್ಟಾಗಿ, ಕೆಂಪು ದಾರ ಸುತ್ತಿ ಬರುತ್ತವೆ. ಪ್ರತಿ ತುಂಡಿನಲ್ಲೂ ಎಕ್ಸ್‌ರೇಗೆ ಕಾಣುವ ಒಂದು ಗೆರೆ ಇರುತ್ತದೆ. ಇಬ್ಬರು ಸೇರಿ ಜೋರಾಗಿ ಎಣಿಸುತ್ತಾರೆ, ಬಿಳಿ ಬೋರ್ಡಿನ ಮೇಲೆ ಬರೆಯುತ್ತಾರೆ. ಒಂದು ದಿನ ಕರುಳಿನ ಕೇಸ್. ಹೊಲಿಗೆ ಹಾಕಲು ಶುರು ಮಾಡುವ ಹೊತ್ತು. ಸ್ಕ್ರಬ್ ನರ್ಸ್, "ಒಂದು ಕಡಿಮೆ ಇದೆ" ಅಂದರು. ದನಿ ಎತ್ತರಿಸಲಿಲ್ಲ. ಸರ್ಜನ್ ಕೈ ನಿಂತಿತು. "ಸರಿಯಾಗಿ ನೋಡಿ" ಅಂತ ಯಾರೂ ರೇಗಲಿಲ್ಲ. ಅನಸ್ತೇಷಿಯಾ ಡಾಕ್ಟರ್ ತಮ್ಮ ಕಡೆ ನೆಲ ನೋಡಿದರು. ಒಬ್ಬರು ಕಸದ ಚೀಲ ಬಿಚ್ಚಿದರು. ಸರ್ಜನ್ ಹೊಟ್ಟೆಯೊಳಗೆ ನಿಧಾನವಾಗಿ ಕೈಯಾಡಿಸಿ ನೋಡಿದರು. ಕೊನೆಗೆ ಇನ್ನೊಂದು ತುಂಡಿಗೆ ಅಂಟಿಕೊಂಡು ಚೀಲದಲ್ಲೇ ಸಿಕ್ಕಿತು. ರಕ್ತದಲ್ಲಿ ನೆನೆದ ಬಟ್ಟೆ ಹೊಟ್ಟೆಯೊಳಗೆ ಅಂಗಾಂಶದ ಹಾಗೇ ಕಾಣುತ್ತದೆ. ಅದನ್ನು ಕಣ್ಣಿನಿಂದ ಹುಡುಕುವುದು ಕಷ್ಟ. ಅದಕ್ಕೇ ಎಣಿಕೆ ಬೇಕು.

ಆವತ್ತು ನಾನು ಬರೆದುಕೊಂಡದ್ದು ಮಾಪ್ ಬಗ್ಗೆ ಅಲ್ಲ. "ಕಡಿಮೆ ಇದೆ" ಅಂದವರ ಮುಖ ಹೇಗಿತ್ತು ಅನ್ನುವುದನ್ನು ಬರೆದುಕೊಂಡೆ. ಅವರಿಗೆ ಹೆದರಿಕೆ ಇರಲಿಲ್ಲ. ಹೇಳಿದರೆ ಯಾರಾದರೂ ಬಯ್ಯುತ್ತಾರೆ ಅನ್ನುವ ಯೋಚನೆಯೇ ಅವರಿಗೆ ಬಂದಂತೆ ಕಾಣಲಿಲ್ಲ. ನಮ್ಮ ಸಿಸ್ಟರ್‌ಗಳಿಗೆ ಇವರಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಜ್ಞಾನ ಇಲ್ಲ. ಹೇಳಲು ಜಾಗ ಕಡಿಮೆ.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ನೋಡಲು ಹೋಗುವವರಿಗೆ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಒಳಗೆ ಬಿಟ್ಟು ಮಾಡುವ ಆಪರೇಷನ್, ದೊಡ್ಡ ವರ. ತೆರೆದ ಆಪರೇಷನ್‌ನಲ್ಲಿ ದೂರ ನಿಂತವರಿಗೆ ಏನೂ ಸಿಗುವುದಿಲ್ಲ. ಲ್ಯಾಪರೋಸ್ಕೋಪಿಯಲ್ಲಿ ಸರ್ಜನ್‌ಗೆ ಕಾಣುವುದೇ ನಿಮಗೂ ಪರದೆ ಮೇಲೆ ಕಾಣುತ್ತದೆ. ಪಿತ್ತಕೋಶ ತೆಗೆಯುವ ಆಪರೇಷನ್ ನಾನು ಅಲ್ಲಿ ಮತ್ತೆ ಮತ್ತೆ ನೋಡಿದೆ. ಮೊದಮೊದಲು ನನಗೆ ಇಷ್ಟವಾಗುತ್ತಿದ್ದದ್ದು ಕೈಯ ವೇಗ. ಬರಬರುತ್ತಾ ಬೇರೆಯದು ಕಾಣತೊಡಗಿತು. ಕತ್ತರಿಸುವ ನಾಳವನ್ನು ಮುಚ್ಚುವ ಕ್ಲಿಪ್ ಹಾಕುವ ಮುಂಚೆ ಸರ್ಜನ್ ನಿಲ್ಲುತ್ತಿದ್ದರು. ಕ್ಯಾಮೆರಾ ಹಿಡಿದವರಿಗೆ ಈ ಕಡೆಯಿಂದ ತೋರಿಸಿ, ಆ ಕಡೆಯಿಂದ ತೋರಿಸಿ ಅನ್ನುತ್ತಿದ್ದರು. ಆಮೇಲೆ ಪಕ್ಕದಲ್ಲಿದ್ದ ಟ್ರೈನಿಯನ್ನು ಕೇಳುತ್ತಿದ್ದರು: "ನಿನಗೆ ಏನು ಕಾಣ್ತಿದೆ? ನೀನು ಹೇಳು."

ಇದರ ಹಿನ್ನೆಲೆ ನಿಮಗೆ ಗೊತ್ತಿರಲಿ. ಈ ಆಪರೇಷನ್‌ನಲ್ಲಿ ದೊಡ್ಡ ಅಪಾಯ ಅಂದರೆ ಪಿತ್ತಕೋಶದ ನಾಳ ಅಂದುಕೊಂಡು ಮುಖ್ಯ ಪಿತ್ತನಾಳವನ್ನೇ ಕತ್ತರಿಸುವುದು. ರೋಗಿಯ ಬದುಕೇ ಹಾಳಾಗುವ ಗಾಯ ಅದು. ಅಮೆರಿಕದ ಸರ್ಜನ್ ಲಾರೆನ್ಸ್ ವೇ ಮತ್ತು ಸಂಗಡಿಗರು ಇಂಥ 252 ಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿ 2003ರಲ್ಲಿ ಬರೆದರು. ಶೇ 97ರಲ್ಲಿ ಮೂಲ ಕಾರಣ ಕೈಚಳಕದ ಕೊರತೆ ಅಲ್ಲ. ಕಣ್ಣಿಗೆ ಆದ ಭ್ರಮೆ. ಅಂದರೆ ಸರ್ಜನ್ ತಾನು ಅಂದುಕೊಂಡದ್ದನ್ನೇ ಕಂಡಿದ್ದರು, ಮತ್ತು ಅದನ್ನು ಬಹಳ ಚೆನ್ನಾಗಿ ಕತ್ತರಿಸಿದ್ದರು. ಇದನ್ನು ತಡೆಯಲು ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ 1995ರಲ್ಲೇ ಒಂದು ನಿಯಮ ಕೊಟ್ಟಿದ್ದರು. ಪಿತ್ತಕೋಶದ ನಾಳ, ಪಿತ್ತನಾಳ, ಲಿವರ್ ಇವುಗಳ ನಡುವಿನ ಜಾಗವಾದ ಕ್ಯಾಲೋಟ್ ತ್ರಿಕೋನದ ಕೊಬ್ಬು, ನಾರು ಪೂರ್ತಿ ಬಿಡಿಸಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬಿಡಿಸಿರಬೇಕು. ಪಿತ್ತಕೋಶಕ್ಕೆ ಹೋಗುವುದು ಎರಡೇ ಎರಡು, ಅದರ ನಾಳ ಮತ್ತು ರಕ್ತನಾಳ, ಇನ್ನೇನೂ ಇಲ್ಲ ಅಂತ ಕಣ್ಣಾರೆ ಕಾಣಬೇಕು. ಆಮೇಲೆ ಕ್ಲಿಪ್. ಪುಸ್ತಕದಲ್ಲಿ ಇದನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅಲ್ಲಿ ಮೂಲೆಯಲ್ಲಿ ನಿಂತು ನೋಡುವಾಗ, ಅನುಭವಿ ಸರ್ಜನ್ ಒಬ್ಬರು ತಮ್ಮ ಕಣ್ಣನ್ನೇ ನಂಬದೆ ಇನ್ನೊಬ್ಬರ ಕಣ್ಣನ್ನು ಕೇಳುವುದು ಕಂಡಿತು. ನನ್ನ ಕೈಯಲ್ಲಿ ಆಗ ಯಾವುದಾದರೂ ಉಪಕರಣ ಇದ್ದಿದ್ದರೆ ಆ ನಿಲುಗಡೆ ನನಗೆ ಕಾಣುತ್ತಲೇ ಇರಲಿಲ್ಲ.

ನೋಡುವುದನ್ನು ಕಲಿಸಬಹುದು, ಅಳೆಯಬಹುದು ಎಂದು ತೋರಿಸಿದವರೂ ಸ್ಕಾಟ್ಲೆಂಡಿನವರೇ. 1988ರ ಜುಲೈ 6ರಂದು ಅಬರ್ಡೀನ್‌ನಿಂದ ದೂರ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನುವ ತೈಲ ಪ್ಲಾಟ್‌ಫಾರ್ಮ್ ಸ್ಫೋಟಗೊಂಡು 167 ಜನ ಸತ್ತರು. ಒಂದು ಪಂಪಿನ ಸುರಕ್ಷತಾ ವಾಲ್ವ್ ರಿಪೇರಿಗೆ ತೆಗೆದಿದ್ದರು. ಆ ವಿಷಯ ಹಗಲು ಶಿಫ್ಟಿನವರಿಂದ ರಾತ್ರಿ ಶಿಫ್ಟಿನವರಿಗೆ ತಲುಪಲಿಲ್ಲ. ರಾತ್ರಿಯವರು ಆ ಪಂಪ್ ಚಾಲೂ ಮಾಡಿದರು. ಅಬರ್ಡೀನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ರೋನಾ ಫ್ಲಿನ್ ಇಂಥ ಪ್ಲಾಟ್‌ಫಾರ್ಮ್‌ಗಳನ್ನು ನಡೆಸುವವರನ್ನು ಅಧ್ಯಯನ ಮಾಡಿದವರು. ಮುಂದೆ ಅವರೂ ಸ್ಟೀವನ್ ಯೂಲ್ ಮತ್ತಿತರರೂ ಸರ್ಜನ್‌ಗಳ ಜೊತೆ ಸೇರಿ 'ನಾಟ್ಸ್' ಅನ್ನುವ ಪದ್ಧತಿ ರೂಪಿಸಿದರು. ಅದರಲ್ಲಿ ಹೊಲಿಗೆ, ಗಂಟುಗಳಿಗೆ ಅಂಕ ಇಲ್ಲ. ಸುತ್ತ ಏನಾಗುತ್ತಿದೆ ಅನ್ನುವ ಅರಿವು, ತೀರ್ಮಾನ ತೆಗೆದುಕೊಳ್ಳುವ ರೀತಿ, ತಂಡದೊಂದಿಗಿನ ಮಾತುಕತೆ, ನಾಯಕತ್ವ, ಈ ನಾಲ್ಕನ್ನು ಪಕ್ಕದಲ್ಲಿ ನಿಂತವರು ನೋಡಿ ಅಂಕ ಕೊಡುತ್ತಾರೆ. ಅಬ್ಸರ್ವರ್ ಆಗಿ ಹೋಗುವವರು ಈ ನಾಲ್ಕು ತಲೆಬರಹಗಳನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು ಹೋಗಿ. ಪ್ರತಿ ಆಪರೇಷನ್ ಆದ ಮೇಲೆ ಒಂದೊಂದಕ್ಕೂ ಕಂಡದ್ದನ್ನು ಬರೆಯಿರಿ. ರೋಗಿಯ ಹೆಸರು, ಊರು, ದಿನಾಂಕ ಯಾವುದೂ ಬೇಡ. ಫೋಟೋ ಖಂಡಿತ ಬೇಡ.

ಅಲ್ಲಿ ನನಗೆ ಎಲ್ಲಕ್ಕಿಂತ ಆಳವಾಗಿ ತಟ್ಟಿದ್ದು ಥಿಯೇಟರ್ ಹೊರಗಿನ ಒಂದು ಮಾತು. ಪ್ರತಿ ರೋಗಿಯನ್ನೂ ಕೇಳುತ್ತಿದ್ದರು, "ಒಬ್ಬ ವಿದ್ಯಾರ್ಥಿನಿ ನೋಡಲು ಬಂದಿದ್ದಾಳೆ, ಪರವಾಗಿಲ್ಲವಾ?" ಹೆಚ್ಚಿನವರು ಒಪ್ಪುತ್ತಿದ್ದರು. ಒಬ್ಬ ಅಜ್ಜಿ ಬೇಡ ಅಂದರು. ಕಾರಣ ಯಾರೂ ಕೇಳಲಿಲ್ಲ. ನಾನು ಆ ಕೇಸಿಗೆ ಹೊರಗೇ ಉಳಿದೆ. ಅವರು ಹಾಸಿಗೆಯಲ್ಲಿ ಮಲಗಿಕೊಂಡು, ಚಿಕಿತ್ಸೆಗೆ ಬೇರೆಯವರನ್ನು ನಂಬಿಕೊಂಡಿದ್ದಾಗಲೂ ಬೇಡ ಅನ್ನಬಹುದಿತ್ತು, ಹಾಗೆಯೇ ಬೇಡ ಅಂದರು. ನಮ್ಮ ವಾರ್ಡುಗಳಲ್ಲಿ ಒಂದು ಬೆಡ್ಡಿನ ಸುತ್ತ ಹದಿನೈದು ಜನ ನಿಂತು ಹೊಟ್ಟೆ ಮುಟ್ಟುತ್ತೇವೆ. "ಅಮ್ಮಾ, ಇವರು ನೋಡಬಹುದಾ?" ಅಂತ ಕೇಳಲು ಏನೂ ಖರ್ಚಿಲ್ಲ. ಕೇಳಿ ನೋಡಿ. ನಮ್ಮ ಜನ ದೊಡ್ಡ ಮನಸ್ಸಿನವರು, "ಕಲಿಯೋ ಮಕ್ಕಳು, ನೋಡ್ಲಿ ಬಿಡಿ" ಅನ್ನುತ್ತಾರೆ. ಆದರೆ ಆ ಒಪ್ಪಿಗೆ ಅವರು ಕೊಟ್ಟದ್ದಾಗಿರಬೇಕು, ನಾವು ತೆಗೆದುಕೊಂಡದ್ದಲ್ಲ.

ಹೋಗುವವರಿಗೆ ಕೆಲವು ಮಾತು. ಮಧ್ಯವರ್ತಿಗಳ ಹತ್ತಿರ ಹೋಗಬೇಡಿ. ದುಡ್ಡು ಕೊಟ್ಟರೆ ಕೈಯಿಂದಲೂ ಕೆಲಸ ಮಾಡಿಸುತ್ತೇವೆ ಅನ್ನುವವರಿಂದ ದೂರ ಇರಿ. ನೇರವಾಗಿ ಅಲ್ಲಿನ ಮೆಡಿಕಲ್ ಕಾಲೇಜಿನ ಎಲೆಕ್ಟಿವ್ (ಓದುತ್ತಿರುವಾಗಲೇ ಬೇರೆ ಆಸ್ಪತ್ರೆಗೆ ಹೋಗಿ ಕಲಿಯುವ ಅವಧಿ) ಕಚೇರಿಗೆ ಅಥವಾ ವಿಭಾಗದ ವೈದ್ಯರಿಗೆ ಚಿಕ್ಕದಾಗಿ ಮೇಲ್ ಬರೆಯಿರಿ. ನೀವು ಯಾರು, ಯಾಕೆ ಬರುತ್ತೀರಿ, ಏನು ನೋಡಬೇಕು, ಸಾಕು. ಹೆಪಟೈಟಿಸ್ ಬಿ, ದಡಾರ, ಕ್ಷಯದ ಬಗ್ಗೆ ಆರೋಗ್ಯದ ದಾಖಲೆ ಕೇಳುತ್ತಾರೆ, ಬೇಗ ಸಿದ್ಧ ಮಾಡಿಕೊಳ್ಳಿ. ಅಮೆರಿಕದಲ್ಲಿ ಇನ್ನೂ ಓದುತ್ತಿರುವವರಿಗೆ ಎಲೆಕ್ಟಿವ್ ಬೇರೆ, ಓದು ಮುಗಿಸಿದವರಿಗೆ ಅಬ್ಸರ್ವರ್‌ಶಿಪ್ ಬೇರೆ. ಯಾವುದಕ್ಕೆ ಅರ್ಜಿ ಹಾಕುತ್ತಿದ್ದೀರಿ ಅಂತ ಸರಿಯಾಗಿ ನೋಡಿಕೊಳ್ಳಿ. ಬರೀ ಶಿಫಾರಸು ಪತ್ರಕ್ಕಾಗಿ ಹೋಗುವುದಾದರೆ ಅಪ್ಪ ಅಮ್ಮನ ದುಡ್ಡು ಉಳಿಸಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮನ್ನು ಕೆಲವೇ ವಾರ ಕಂಡವರು ಬರೆಯುವ ಪತ್ರಕ್ಕೆ ಎಷ್ಟು ತೂಕ ಇರಲು ಸಾಧ್ಯ?

ಥಿಯೇಟರ್‌ಗೆ ಹೋಗುವ ಮುಂಚೆ ತಿಂಡಿ ತಿನ್ನಿ. ಮಂಡಿ ಬಿಗಿಮಾಡಿಕೊಂಡು ನಿಲ್ಲಬೇಡಿ. ತಲೆ ಸುತ್ತಿದರೆ ಹೇಳಿ, ಟೇಬಲ್‌ನಿಂದ ಹಿಂದೆ ಸರಿದು ಗೋಡೆ ಪಕ್ಕ ನೆಲದ ಮೇಲೆ ಕೂತುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಸ್ಟೆರೈಲ್ (ಕ್ರಿಮಿರಹಿತ) ಬಟ್ಟೆ ಹಾಸಿದ ಜಾಗದಿಂದ ಒಂದು ತೋಳಿನಷ್ಟು ದೂರ ಇರಿ, ಎರಡು ಸ್ಟೆರೈಲ್ ಟೇಬಲ್‌ಗಳ ನಡುವೆ ನುಸುಳಬೇಡಿ. ಅನಸ್ತೇಷಿಯಾ ಡಾಕ್ಟರ್ ಅನುಮತಿ ಕೇಳಿ ರೋಗಿಯ ತಲೆಯ ಕಡೆ ನಿಲ್ಲಿ. ಇಡೀ ಕೋಣೆ ಕಾಣುವ ಜಾಗ ಅದು.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: "ಬ್ರಿಟನ್ನಿನ ವಿದ್ಯಾರ್ಥಿಗಳು ಎಲೆಕ್ಟಿವ್‌ಗೆ ನಮ್ಮ ಕಡೆ ಬರ್ತಾರಲ್ಲ, ಅವರಿಗೆ ನಾವು ಎಲ್ಲ ಮಾಡಿಸಬಹುದಾ?" ಒಳ್ಳೆಯ ಪ್ರಶ್ನೆ. ತಮ್ಮ ಊರಿನಲ್ಲಿ ಮಾಡುವಂತಿಲ್ಲದ್ದನ್ನು ಅವರು ಇಲ್ಲಿ ಬಂದು ನಮ್ಮ ರೋಗಿಯ ಮೇಲೆ ಕಲಿಯುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ರೋಗಿಯ ಮೈ ಅವರ ರೋಗಿಯ ಮೈಗಿಂತ ಅಗ್ಗ ಅಲ್ಲ. ಬರಲಿ, ನೋಡಲಿ. ಕ್ಷಯ, ಹಾವು ಕಡಿತ, ಸುಟ್ಟ ಗಾಯ, ಅವರು ಅಲ್ಲಿ ಅಪರೂಪಕ್ಕೆ ಕಾಣುವುದನ್ನು ನಮ್ಮವರು ಹೇಗೆ ನಿಭಾಯಿಸುತ್ತಾರೆ ಅಂತ ನಿಂತು ನೋಡಲಿ.

ಇನ್ನೊಬ್ಬಳು ಕೇಳಿದಳು, "ಹೋಗೋಕೆ ಮನೆಯಲ್ಲಿ ದುಡ್ಡಿಲ್ಲ ಮೇಡಂ, ನಾವೇನು ಮಾಡೋದು?" ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ನಿಮ್ಮ ಯೂನಿಟ್ ಚೀಫ್ ಹತ್ತಿರ ಹೋಗಿ, ವಾರಕ್ಕೆ ಒಂದು ಕೇಸಿಗೆ ನನ್ನನ್ನು ಸ್ಕ್ರಬ್ ಮಾಡಿಸಬೇಡಿ, ತಲೆಯ ಕಡೆ ನಿಂತು ನೋಡುತ್ತೇನೆ ಅಂತ ಕೇಳು. ಸಿಸ್ಟರ್ ಮಾಪ್ ಎಣಿಸುವಾಗ ಅವರ ಜೊತೆ ನೀನೂ ಎಣಿಸು. ಮೊದಲು ಮಾತಾಡಿದವರು ಯಾರು, ಯಾರ ಮಾತಿಗೆ ಕೈ ನಿಂತಿತು, ಯಾರಿಗೆ ಏನೋ ಕಂಡರೂ ಸುಮ್ಮನಿದ್ದರು ಅನ್ನುವುದನ್ನು ಬರೆದುಕೊ. ನಮ್ಮ ಯೂನಿಟ್‌ನಲ್ಲಿ ಈಗ ಇದನ್ನು ಮಾಡಿಸುತ್ತಿದ್ದೇವೆ. ಕೇಸ್ ಮುಗಿದ ಮೇಲೆ ಟೀ ಕುಡಿಯುವಾಗ ನೋಡಿದವರು ಓದಿ ಹೇಳುತ್ತಾರೆ, ಸೀನಿಯರ್‌ಗಳು ಕೂತು ಕೇಳುತ್ತೇವೆ.